ಉಪವಾಸದ ಮೀನು

ಐವತ್ತರ ದಶಕದ ಒಂದು ಮಳೆಗಾಲ. ಸಯನ್‌ನಲ್ಲಿ ನಮ್ಮ ಚಾಳಿನ ಹಿಂದಿದ್ದ ಕೆರೆಯಲ್ಲಿ ಮೀನು ಮೊಟ್ಟೆಯಿಡುವ ಬಗೆಯನ್ನು, ನೀರನ್ನೂ ಮುಟ್ಟದೆ, ಬರೀ ನೋಡಿಯೇ ತಿಳಿಯಬೇಕೆಂದು ಹಟ ಹಿಡಿದಿದ್ದೆ. ಗ್ರಾಂಟ್ ರೋಡಿನ ಫುಟ್‌ಪಾತಿನಲ್ಲಿ ಕೊಂಡ ಹಳೆಯ ಪುಸ್ತಕವೊಂದು, ಹಾವಿನಂಥ ತಲೆಯ ಮರಳ್ ಮೀನು ತನ್ನ ಸಂತಾನವನ್ನೇ ತಿನ್ನುತ್ತದೆಂದು ಒಂದೇ ವಾಕ್ಯದಲ್ಲಿ ತೀರ್ಪು ಕೊಟ್ಟಿತ್ತು. ಬರೆದವನು ಎಲ್ಲವನ್ನೂ ತಿಳಿದದ್ದು ಬಲೆ ಬೀಸಿ, ಹೊಟ್ಟೆ ಸೀಳಿ. ಸತ್ತ ಮೀನು ತನ್ನ ತಂದೆತನದ ಬಗ್ಗೆ ಏನು ಸಾಕ್ಷಿ ಹೇಳೀತು?

ಆಫೀಸಿಗೆ ಹೋಗುವ ಮೊದಲು ದಿನವೂ ದಡದಲ್ಲಿ ಕೂರುತ್ತಿದ್ದೆ. ಜೊಂಡಿನ ನಡುವೆ ತಟ್ಟೆಯಗಲ ನೀರು ತೆರವಾಗಿತ್ತು. ಅದರ ಮೇಲೆ ಹಳದಿ ಮೊಟ್ಟೆಗಳು ತೇಲುತ್ತಿದ್ದವು, ಕೆಳಗೆ ಗಂಡು ಮರಳ್ ಅಲುಗದೆ ನಿಂತಿತ್ತು. ಗಾಳಿಗೆ ಮಿಡತೆಗಳು ಕೆರೆಗೆ ಬೀಳುತ್ತಿದ್ದವು. ಬೇರೆಡೆ ಬಿದ್ದವನ್ನು ಮೀನುಗಳು ಕ್ಷಣದಲ್ಲಿ ನುಂಗಿಬಿಡುತ್ತಿದ್ದವು. ಇಲ್ಲಿ ಬಿದ್ದದ್ದನ್ನು ಇದು ಮೂತಿಯಿಂದ ಆಚೆ ತಳ್ಳಿತೇ ಹೊರತು ಬಾಯಿ ತೆರೆಯಲಿಲ್ಲ. ಮೊಟ್ಟೆ ಒಡೆದು ಮರಿಗಳು ದೂರ ಸರಿಯುವವರೆಗೆ ಕಾದರೆ ಸಾಕು, ಪುಸ್ತಕ ಸರಿಯೋ ನನ್ನ ಕಣ್ಣು ಸರಿಯೋ ಇತ್ಯರ್ಥವಾಗುತ್ತಿತ್ತು.

ಪಕ್ಕದ ಖೋಲಿಯಲ್ಲಿದ್ದ, ಉಡುಪಿ ಹೋಟೆಲಿನ ಅಡುಗೆ ಭಟ್ಟರಿಗೆ ಪುಸ್ತಕದ ಮಾತನ್ನೂ ಸೇರಿಸಿ ಇದನ್ನೆಲ್ಲ ಹೇಳಿದೆ.

“ಹಾಗಾದ್ರೆ ಅದು ಉಪವಾಸ ರಾಯರೇ,” ಎಂದರು ಅವರು. “ನಾನು ಏಕಾದಶಿಗೆ ಕದ್ದಾದ್ರೂ ಅವಲಕ್ಕಿ ತಿಂತೇನೆ. ಅದಕ್ಕೆ ಅದೂ ಇಲ್ಲ.”

“ವ್ರತವಲ್ಲ ಕಣ್ರೀ, ಕಾವಲು.”

“ಎರಡೂ ಒಂದೇ ಅಲ್ವಾ ಮಾರಾಯ್ರೇ?”

ಮರುದಿನ ಬೆಳಿಗ್ಗೆ ಅರ್ಧ ಚಾಳು ದಡದಲ್ಲಿ ನೆರೆದಿತ್ತು. ಅರಿಶಿನ, ಅರಳು, ಹೂವು ಎಲ್ಲವೂ ನೀರಿಗೆ ಬೀಳುತ್ತಿದ್ದವು. ಭಟ್ಟರ ಹೆಂಡತಿ ದರ್ಶನಕ್ಕೆಂದು ಕೊಡೆಯ ತುದಿಯಿಂದ ಜೊಂಡನ್ನು ಸರಿಸುತ್ತಿದ್ದರು.

“ಮುಟ್ಟಬೇಡೀಮ್ಮಾ, ಮೊಟ್ಟೆಗಳಿವೆ,” ಎಂದೆ.

“ದಿನಾ ನೀವೊಬ್ರೇ ನೋಡಿದ್ದು ಸಾಕಲ್ವಾ? ನಾವೂ ಸ್ವಲ್ಪ ಪುಣ್ಯ ಮಾಡ್ಕೊಳ್ತೇವೆ.”

ಲೋಕಲ್ ರೈಲು ಹಿಡಿಯುವ ಹೊತ್ತಾಗುತ್ತಲೇ ಎಲ್ಲರೂ ಚದುರಿದರು. ನಾನು ಆಫೀಸಿಗೆ ಹೋಗದೆ ಅಲ್ಲಿಯೇ ನಿಂತೆ. ಅರಳು ತೇಲಿಹೋದ ಮೇಲೆ ನೋಡಿದರೆ ಮೊಟ್ಟೆಯೂ ಇಲ್ಲ, ಮೀನೂ ಇಲ್ಲ.

ಸಂಜೆ ಭಟ್ಟರು ಪ್ರಸಾದದ ಪೊಟ್ಟಣ ಹಿಡಿದು ಬಂದರು. “ಹಸಿವು ತಡೆಯದೆ ತಿಂದಿರ್ಬೇಕು ಪಾಪ. ನಿಮ್ಮ ಪುಸ್ತಕದಲ್ಲೂ ಹಾಗೇ ಉಂಟಲ್ಲ.”

“ತಿಂದದ್ದನ್ನ ನೋಡಿದ್ರೇನ್ರೀ?”

“ನೋಡ್ಬೇಕಾ? ಮತ್ತೆಲ್ಲಿ ಹೋಯ್ತು?”

ಕೊಡೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೊಡೆಯೇ ಮೊಟ್ಟೆಗಳನ್ನು ಮುಳುಗಿಸಿದ್ದನ್ನು ನಾನೂ ಕಂಡಿರಲಿಲ್ಲ. ಪುಸ್ತಕದ ಆ ವಾಕ್ಯವನ್ನು ಹೊಡೆದುಹಾಕಲೆಂದು ಪೆನ್ಸಿಲೊಂದನ್ನು ಚೂಪು ಮಾಡಿಟ್ಟಿದ್ದೆ. ಆ ಮಳೆಗಾಲ ಮುಗಿದರೂ ಅದು ಚೂಪಾಗಿಯೇ ಉಳಿಯಿತು.