ಬಾಗಿಲು ಸ್ವಲ್ಪ ತೆರೆದೇ ಇದೆ

ಗಗನನೌಕೆಯ ಟಿವಿ ಧಾರಾವಾಹಿಯೊಂದರ ಅಭಿಮಾನಿಗಳ ನೆನಪುಗಳನ್ನು ದಾಖಲಿಸುತ್ತಿದ್ದ ನಾನು ಮೊದಲ ಮಾತುಕತೆಗೆ ಶುಕ್ರವಾರ ಸಂಜೆ ಆರು ಗಂಟೆ ಕೇಳಿದಾಗ, ಕನ್ನಡಕದಂಗಡಿಯವರು ಹೌಹಾರಿ, "ಅದು ಧಾರಾವಾಹಿ ಹೊತ್ತಲ್ವಾ ಮೇಡಂ!" ಎಂದು ಗುರುವಾರಕ್ಕೆ ಗೊತ್ತುಮಾಡಿದರು. ಆ ಧಾರಾವಾಹಿ ನಿಂತು ಆಗಲೇ ಒಂಬತ್ತು ವರ್ಷವಾಗಿತ್ತು. "ಮುಗಿದಿದೆ" ಎಂದವರನ್ನು ಅವರು "ನಿಂತಿದೆ" ಎಂದು ತಿದ್ದುತ್ತಾರೆ. ಕಣ್ಣು ಪರೀಕ್ಷೆಗೆ ಕೂತ ಗಿರಾಕಿ ಅಕ್ಷರ ಓದುವ ಮೊದಲು, ನೌಕೆಯ ನಾಯಕ ಬದುಕಿದ್ದಾನೆಂದು ಒಪ್ಪಬೇಕು. "ಬಾಗಿಲಾಚೆ ಹೋದ, ಬಾಗಿಲು ಮುಚ್ಚಿತು, ಅಷ್ಟೇ. ಹೆಣ ತೋರಿಸಿದ್ರಾ?" ಬೀದಿಗೆಲ್ಲ ಅವರ ಹೆಸರು 'ಮುಂದಿನ ಕಂತು'. ಪ್ರತಿ ಶುಕ್ರವಾರ ತಮ್ಮ ಅಕ್ಕನೊಂದಿಗೆ ಹಳೆಯ ಕಂತುಗಳನ್ನು ನೋಡುತ್ತಾರೆಂದು ಕೇಳಿದ್ದೆ. ಒಂದು ಶುಕ್ರವಾರ ಅವರ ಮನೆಗೆ ಹೋಗಿ ಕಂಡದ್ದು ಬೇರೆ. ತಮ್ಮನ ಅಂಗಡಿಯ ಯಾವ ಮಸೂರವೂ ಉಳಿಸಲಾಗದೆ ಅಕ್ಕನ ದೃಷ್ಟಿ ಹೋಗಿ ಏಳು ವರ್ಷ. ತೆರೆಯ ಮೇಲಿನದನ್ನೆಲ್ಲ ಇವರು ಬಾಯಲ್ಲೇ ಬಣ್ಣಿಸುತ್ತಾರೆ. ಕೊನೆಯ ದೃಶ್ಯದಲ್ಲಿ ಬಾಗಿಲು ಮುಚ್ಚಿದ್ದನ್ನು ನಾನೇ ಕಂಡೆ. "ಸ್ವಲ್ಪ ತೆರೆದೇ ಇದೆ ಅಕ್ಕಾ," ಎಂದರು ಅವರು. "ಸುಳ್ಳ! ಧಡ್ ಅಂತ ಸದ್ದು ಕೇಳಿಸ್ತಲ್ಲೋ," ಎಂದು ಅಕ್ಕ ನಕ್ಕರು, "ಇರ್ಲಿ ಬಿಡು, ತೆರೆದೇ ಇರ್ಲಿ." ಆಮೇಲೆ ದಾಖಲೆಗೆ ಸೇರಿಸಿದ್ದು: ೨೦೧೯ರ ಜೂನ್ ೭, ಶುಕ್ರವಾರ, ಹೊಸ ಕಂತುಗಳ ಘೋಷಣೆಯನ್ನು ಮೊದಲು ರೇಡಿಯೊದಲ್ಲಿ ಕೇಳಿ ಅಂಗಡಿಗೆ ಫೋನ್ ಮಾಡಿದವರು ಅಕ್ಕ.