ಬಸವಣ್ಣನ ಬೆನ್ನಿಗೆ ಸವರಿದ ಎಣ್ಣೆ

ತನ್ನ ಇಂಗ್ಲಿಷನ್ನು ತಿದ್ದಲು ನನಗೆ ಕಳಿಸುವುದು ನನ್ನ ತಮ್ಮನ ಮಗಳಿಗೆ ಹೈಸ್ಕೂಲಿನಿಂದ ಬಂದ ಅಭ್ಯಾಸ. ಈಗ ಅವಳು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದಾಳೆ. ಬೆಳಕನ್ನೇ ಅಳತೆಗೋಲು ಮಾಡಿಕೊಂಡು ವಸ್ತುಗಳನ್ನು ಅಳೆಯುವುದು ಅವಳ ಕೆಲಸ. ನಾನು ಅರಸೀಕೆರೆಯ ಒಂದು ಶಾಲೆಯಲ್ಲಿ ಮೂವತ್ತು ವರ್ಷ ಫಿಸಿಕ್ಸ್ ಹೇಳಿ ರಿಟೈರ್ ಆದವಳು. ತಮ್ಮನ ಸಂಸಾರದ ಜೊತೆ ಇದ್ದೇನೆ. ಫಿಸಿಕ್ಸ್‌ನಲ್ಲಿ ಅವಳು ನನ್ನನ್ನು ಎಂದೋ ದಾಟಿ ಹೋದಳು. ಆದರೆ ‘ದಿ’ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಎನ್ನುವುದು ಅವಳಿಗೆ ಇವತ್ತಿಗೂ ಹತ್ತಿಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಅದನ್ನು ನನಗೆ ಬೆರಳ ಗೆಣ್ಣಿನ ಮೇಲೆ ಸ್ಕೇಲಿನಿಂದ ಕಲಿಸಿದ್ದರು.

ಕಳೆದ ವರ್ಷ ಒಂದು ಮಧ್ಯಾಹ್ನ ಅವಳ ಫೋನ್ ಬಂತು.

“ಅತ್ತೆ, ಬಂತು.”

“ಏನೇ ಬಂತು, ಜ್ವರವಾ?”

“ಅವಾರ್ಡು ಅತ್ತೆ. ಯಂಗ್ ಸೈಂಟಿಸ್ಟ್ ಅವಾರ್ಡು.”

ಮೂವತ್ತೈದು ದಾಟದವರಿಗೆ ಮಾತ್ರ ಕೊಡುವ ಪ್ರಶಸ್ತಿ ಅದು. ಅವಳಿಗೆ ಅದೇ ಕೊನೆಯ ವರ್ಷ. ಪ್ರಶಸ್ತಿ ಸಿಕ್ಕವರು ಸ್ವಂತದ್ದೊಂದು ಲ್ಯಾಬ್ ಕಟ್ಟಿಕೊಳ್ಳಬಹುದು. ಅಲ್ಲಿಯವರೆಗೆ ಅವಳು ಬೇರೆಯವರ ಲ್ಯಾಬಿನಲ್ಲಿ, ಬೇರೆಯವರ ಮಷೀನು ಬಿಡುವಾದಾಗ ಕೆಲಸ ಮಾಡಿಕೊಂಡು ಬಂದವಳು.

“ಈ ಸಲ ತಪ್ಪಿದ್ರೆ ನಾನೂ ಮುದುಕಿಯರ ಲಿಸ್ಟಿಗೇ ಸೇರ್ತಿದ್ದೆ” ಎಂದಳು.

“ಬಾ, ಇಲ್ಲಿ ಜಾಗ ಬೇಕಾದಷ್ಟಿದೆ” ಎಂದೆ.

ತಮ್ಮನ ಹೆಂಡತಿ ಅದೇ ವಾರ ಹರಕೆ ತೀರಿಸಲು ಮಾಲೇಕಲ್ಲು ತಿರುಪತಿ ಬೆಟ್ಟದ ಮೆಟ್ಟಿಲು ಹತ್ತಿ ಬಂದು ಎರಡು ದಿನ ಮಂಡಿಗೆ ಮುಲಾಮು ತಿಕ್ಕಿಕೊಂಡು ಕೂತಳು. ತಮ್ಮ ಕೊಬ್ಬರಿ ಮಂಡಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಬಂದ. ಯಾವುದಕ್ಕೆ ಕೊಟ್ಟರು ಎಂದು ಕೇಳಿದವರಿಗೆ “ಬಸವಣ್ಣನ ಮೈ ಅಳೆದದ್ದಕ್ಕೆ” ಎಂದನಂತೆ.

ಅದು ನಿಜವೇ. ಹಳೇಬೀಡಿನಿಂದ ಹುಲಿಕೆರೆಯ ಕಡೆ ಹೋಗುವ ದಾರಿಯಲ್ಲಿ, ಒಳಗೆ, ನಮ್ಮ ಹಿರಿಯರ ಊರಿದೆ. ಅಲ್ಲೊಂದು ಸಣ್ಣ ಈಶ್ವರನ ಗುಡಿ, ಟೂರಿಸ್ಟ್ ಬಸ್ಸುಗಳು ಬಾರದ್ದು. ಎದುರಿಗೆ ಬಳಪದ ಕಲ್ಲಿನ ಬಸವಣ್ಣ. ಬಂದವರೆಲ್ಲ ಅವನ ಬೆನ್ನಿನ ಮೇಲೆ ಕೈಯಿಟ್ಟು, ಬಗ್ಗಿ, ಕೊಂಬುಗಳ ನಡುವಿನಿಂದ ಲಿಂಗ ನೋಡುತ್ತಾರೆ. ಹೀಗೆ ಕೈ ತಾಗಿ ತಾಗಿ ಎರಡು ವರ್ಷದಲ್ಲಿ ಕಲ್ಲು ಎಷ್ಟು ಸವೆಯುತ್ತದೆ? ಅದನ್ನು ಮುಟ್ಟದೆಯೇ ಹೇಳಬಹುದೇ? ಅವಳ ಪ್ರಶ್ನೆ ಇಷ್ಟೆ. ಬಸವಣ್ಣನ ಸುತ್ತ ಕಪ್ಪು ಬಟ್ಟೆಯ ಡೇರೆ ಕಟ್ಟಿ, ಒಳಗೆ ಅವನ ಮೈಮೇಲೆ ಬೆಳಕಿನ ಪಟ್ಟೆಗಳನ್ನು ಬಿಟ್ಟಳು. ಕಲ್ಲು ಉಬ್ಬಿದಲ್ಲಿ, ತಗ್ಗಿದಲ್ಲಿ ಪಟ್ಟೆ ಬಾಗುತ್ತದೆ. ಎಷ್ಟು ಬಾಗಿತು ಎನ್ನುವುದರಿಂದ ಕಂಪ್ಯೂಟರು ಮೇಲ್ಮೈಯ ನಕ್ಷೆ ತೆಗೆಯುತ್ತದೆ. ಕೂದಲೆಳೆಯ ದಪ್ಪದಲ್ಲಿ ಒಂದು ಸಣ್ಣ ಪಾಲು ಸವೆದಿದ್ದರೂ ಸಿಕ್ಕಿಬೀಳುತ್ತದೆ. ಎರಡು ವರ್ಷ ಬಿಟ್ಟು ಮತ್ತೆ ಅಳೆದಳು. ಎರಡು ನಕ್ಷೆಗಳ ನಡುವೆ ವ್ಯತ್ಯಾಸ ಸಿಕ್ಕಿತು. ಪ್ರಶಸ್ತಿ ಬಂದದ್ದು ಆ ವ್ಯತ್ಯಾಸಕ್ಕೆ.

ಸಮಾರಂಭದಲ್ಲಿ ಅವಳು ಒಂದು ಲೆಕ್ಚರ್ ಕೊಡಬೇಕಿತ್ತು. ಅದನ್ನು ಎಂದಿನಂತೆ ನನಗೆ ಕಳಿಸಿದಳು. ತಮ್ಮ ಪ್ರಿಂಟ್ ಹಾಕಿಸಿಕೊಂಡು ಬಂದ. ಕೆಂಪು ಪೆನ್ನು ಹಿಡಿದು ವರಾಂಡದಲ್ಲಿ ಕೂತೆ. ಮೂರನೇ ಪುಟದಲ್ಲಿ ಒಂದು ಸೆಂಟೆನ್ಸ್. ಮೊದಲ ಅಳತೆಗೆ ಮುಂಚೆ ಒಂದು ವಾರ ಕಲ್ಲಿಗೆ ಯಾರ ಕೈಯೂ ತಾಗಿರಲಿಲ್ಲ, ಅದರ ಮೇಲೆ ಏನನ್ನೂ ಹಚ್ಚಿರಲಿಲ್ಲ ಎಂದು ಅದರ ಅರ್ಥ. ಗ್ರಾಮರ್ ಪರ್ಫೆಕ್ಟ್ ಆಗಿತ್ತು. ಎರಡು ‘ದಿ’ಗಳೂ ತಮ್ಮ ತಮ್ಮ ಜಾಗದಲ್ಲಿದ್ದವು.

ಆದರೆ ಅದು ನಿಜವಾಗಿರಲಿಲ್ಲ. ಅದು ನಿಜವಲ್ಲ ಎಂದು ಗೊತ್ತಿದ್ದದ್ದು ಇಬ್ಬರಿಗೇ: ಗುಡಿಯ ಪೂಜಾರಪ್ಪನಿಗೆ, ಮತ್ತು ನನಗೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ದೊಡ್ಡವರು ಯಾರಾದರೂ ಬಸವಣ್ಣನನ್ನು ನೋಡಲು ಬರುತ್ತಾರೆಂದರೆ ಮನೆಯ ಹೆಣ್ಣುಮಗಳೊಬ್ಬಳು ಹಿಂದಿನ ದಿನ ಹೋಗಿ, ನಮ್ಮ ತೋಟದ ಕೊಬ್ಬರಿ ಎಣ್ಣೆಯನ್ನು ಅವನ ಮೈಗೆ ಸವರಿ, ಹಳೆ ಪಂಚೆಯ ತುಂಡಿನಿಂದ ತಿಕ್ಕಿ ತಿಕ್ಕಿ, ಬೆರಳಿಗೆ ಜಿಡ್ಡು ಹತ್ತದಂತೆ ಮಾಡಿ ಬರಬೇಕು. ಮಕ್ಕಳನ್ನು ಫೋಟೋ ಸ್ಟುಡಿಯೋಗೆ ಕರೆದುಕೊಂಡು ಹೋಗುವ ಮುಂಚೆ ತಲೆಗೆ ಎಣ್ಣೆಯಿಟ್ಟು ಬಾಚುವುದಿಲ್ಲವೇ, ಹಾಗೆ. ಅಮ್ಮ ಮಾಡುತ್ತಿದ್ದಳು, ಅಮ್ಮನ ನಂತರ ನಾನು. ಮೊದಲ ಸಲ ತಮ್ಮನ ಮಗಳು ಅಳೆಯಲು ಬಂದಾಗ ದೊಡ್ಡ ಕ್ಯಾಮೆರಾ ಬರುತ್ತದೆ, ಬಸವಣ್ಣ ಒಣಗಿದ ಮೈಯಲ್ಲಿರಬಾರದು ಎಂದು ನಾನು ಹಿಂದಿನ ದಿನವೇ ಎಣ್ಣೆ ಬಾಟಲಿ ತೆಗೆದುಕೊಂಡು ಹೋಗಿದ್ದೆ. ಒಂದು ವಾರ ಯಾರೂ ಮುಟ್ಟಬಾರದೆಂದು ಅವಳು ಪೂಜಾರಪ್ಪನಿಗೆ ಹೇಳಿದ್ದಳು. ಅವನು ಹಗ್ಗ ಕಟ್ಟಿ, ಭಕ್ತರನ್ನು ದೂರ ನಿಲ್ಲಿಸಿ, ಅಭಿಷೇಕವನ್ನೂ ಬಿಟ್ಟು ಕಾದಿದ್ದ. ನನಗೆ ಮಾತ್ರ ಹಗ್ಗ ಎತ್ತಿ ಹಿಡಿದು ಒಳಗೆ ಬಿಟ್ಟ.

ಮರುದಿನ ಅವಳು ಡೇರೆ ಕಟ್ಟುತ್ತಾ, “ಕಲ್ಲು ಸ್ವಲ್ಪ ಕಪ್ಪಾಗಿ ಕಾಣ್ತಿದೆಯಲ್ಲ” ಎಂದಳು.

“ಬಸವಣ್ಣ ಯಾವತ್ತೂ ಕಪ್ಪೇ ಕಣವ್ವ” ಎಂದ ಪೂಜಾರಪ್ಪ.

“ಯಾರೂ ಮುಟ್ಟಿಲ್ಲ ತಾನೇ?”

“ಒಬ್ರೂ ಇಲ್ಲ.”

ನಾನು ಕಾಫಿ ಫ್ಲಾಸ್ಕ್ ಹಿಡಿದು ಅಲ್ಲೇ ನಿಂತಿದ್ದೆ. ಅವನು ಸುಳ್ಳು ಹೇಳಿದ ಎಂದು ನನಗೂ ಅನ್ನಿಸಲಿಲ್ಲ. ಆನೆಸ್ಟ್ಲಿ, ಅನ್ನಿಸಲೇ ಇಲ್ಲ. ಎರಡನೇ ಸಲ ಅವಳು ಬಂದಾಗ ನನಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು, ಹೋಗಲಾಗಲಿಲ್ಲ, ಎಣ್ಣೆಯೂ ಬೀಳಲಿಲ್ಲ. ಅಂದರೆ ಮೊದಲ ನಕ್ಷೆಯಲ್ಲಿ ಕಲ್ಲಿನ ಸಣ್ಣ ಸಣ್ಣ ಗೀರುಗಳಲ್ಲಿ ನನ್ನ ಎಣ್ಣೆ ತುಂಬಿಕೊಂಡಿತ್ತು, ಎರಡನೆಯದರಲ್ಲಿ ಇರಲಿಲ್ಲ. ಕಲ್ಲು ಸವೆಯಿತು ಎಂದು ಅವಳು ಬರೆದದ್ದರಲ್ಲಿ ಕಲ್ಲು ಎಷ್ಟು, ಕೊಬ್ಬರಿ ಎಣ್ಣೆ ಎಷ್ಟು? ಎಣ್ಣೆ ಸವರಿದ ಮೇಲ್ಮೈಯಲ್ಲಿ ಬೆಳಕು ಬೇರೆ ಥರ ವರ್ತಿಸುತ್ತದೆ ಎಂದು ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ವರ್ಷ ವರ್ಷ ಪಾಠ ಮಾಡಿದವಳು ನಾನು.

ಪೆನ್ನು ಮುಚ್ಚಿಟ್ಟೆ. ಮತ್ತೆ ತೆಗೆದೆ. ನಾಲ್ಕನೇ ಪುಟದಿಂದ ಮುಂದಿನದನ್ನೆಲ್ಲ ತಿದ್ದಿದೆ, ಮೂರನೆಯದನ್ನು ಬಿಟ್ಟೆ. ಆಮೇಲೆ ಒಂದು ಕಡೆ ಕೂರಲಾಗಲಿಲ್ಲ. ಸಾರಿಗೆ ಒಗ್ಗರಣೆ ಹಾಕಲು ಹೋಗಿ ಎಣ್ಣೆಯ ಸೌಟು ಹಿಡಿದುಕೊಂಡು ನಿಂತುಬಿಡುತ್ತಿದ್ದೆ. ಒಗೆದು ಮಡಚಿಟ್ಟ ಬಟ್ಟೆಗಳನ್ನು ಬಿಚ್ಚಿ ಮತ್ತೆ ಮಡಚಿದೆ. ರೈಲ್ವೆ ಸ್ಟೇಷನ್ನಿನವರೆಗೆ ನಡೆದುಹೋಗಿ, ಯಾವ ರೈಲಿಗೂ ಹತ್ತದೆ, ಯಾರನ್ನೂ ಇಳಿಸಿಕೊಳ್ಳದೆ ವಾಪಸು ಬಂದೆ. ತಮ್ಮನ ಹೆಂಡತಿ, “ಏನಕ್ಕಾ, ಅವಾರ್ಡು ಬಂದಿರೋದು ಅವಳಿಗಾ ನಿಮಗಾ?” ಎಂದು ನಕ್ಕಳು.

ನಾಲ್ಕನೇ ದಿನ ಹಳೇಬೀಡಿನ ಬಸ್ಸು ಹತ್ತಿದೆ. ಅಲ್ಲಿಂದ ಆಟೋ. ಪೂಜಾರಪ್ಪ ಗುಡಿಯ ಜಗಲಿಯ ಮೇಲೆ ಹೂವು ಬಿಡಿಸುತ್ತಾ ಕೂತಿದ್ದ. ನನಗಿಂತ ಎರಡೋ ಮೂರೋ ವರ್ಷ ದೊಡ್ಡವನು.

“ಅವತ್ತು ನಾನು ಎಣ್ಣೆ ಹಚ್ಚಿದ್ದು ನಿನಗೆ ಜ್ಞಾಪಕ ಇದೆಯಾ?”

“ಐತೆ. ವಾಸ್ನೆ ಇನ್ನೂ ಮೂಗ್ನಾಗೈತೆ.”

“ಅವಳು ಕೇಳಿದಾಗ ಯಾಕೆ ಹೇಳಲಿಲ್ಲ?”

ಅವನು ಹೂವು ಬಿಡಿಸುವುದನ್ನು ನಿಲ್ಲಿಸಲಿಲ್ಲ. “ಅವ್ವಾರು ಕೇಳಿದ್ದು ಕೈ ಇಕ್ಕೋ ಜನದ್ ವಿಚಾರ. ನೀವು ಜನ್ವಾ? ನೀವು ಮನೆಯೋರು. ನಾನು ಬೆಳಗೆದ್ದು ಬಸವಣ್ಣನ ಮೈ ಒರೆಸ್ತೀನಿ, ಅದ್ನೂ ಹೇಳ್ಬೇಕಿತ್ತಾ?”

“ಆ ವಾರವೂ ಒರೆಸಿದೆಯಾ?”

“ಇಲ್ಲ. ಒಪ್ಕಂಡಿದ್ನಲ್ಲ.” ಹೂವಿನ ಬುಟ್ಟಿ ಬದಿಗೆ ಸರಿಸಿ ನನ್ನ ಮುಖ ನೋಡಿದ. “ಈಗ್ಯಾಕಮ್ಮ ಇದೆಲ್ಲ? ಬೆಳೆಯೋ ಮಗ. ಬಂದಿರೋದ್ನ ತಗಳ್ಲಿ. ನಾನಂತೂ ಬಾಯ್ಬಿಡಾಕಿಲ್ಲ, ಬಸವಣ್ಣನೂ ಬಿಡಾಕಿಲ್ಲ.”

ಅವನು ಹೇಳಿದ್ದು ನನಗೆ ಬೇಕಾದ ಮಾತೇ. ಅದನ್ನು ಕೇಳಿಸಿಕೊಳ್ಳಲೆಂದೇ ಅಷ್ಟು ದೂರ ಹೋಗಿದ್ದೆನೋ ಏನೋ. ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿದರೂ ಕೂರಲಾಗದೆ, ಜಾವಗಲ್ಲಿನಲ್ಲಿ ಒಬ್ಬ ಹೆಂಗಸಿಗೆ ಬಿಟ್ಟುಕೊಟ್ಟು ಕಂಬ ಹಿಡಿದು ನಿಂತೆ. “ಯಾಕ್ರೀ ಅಮ್ಮ, ನಾನೇ ನಿಂತ್ಕೊತಿದ್ದೆ” ಎಂದಳು ಅವಳು. ಹೇಳದೆ ಇದ್ದರೆ ತಮ್ಮನ ಮಗಳಿಗೆ ಲ್ಯಾಬು ಸಿಗುತ್ತದೆ. ಮುಂದೆ ಯಾವನೋ ಒಬ್ಬ ಬಂದು ಅದೇ ಕಲ್ಲನ್ನು ಅಳೆದು, ಲೆಕ್ಕ ತಾಳೆಯಾಗದೆ ಅವಳ ಹೆಸರನ್ನು ಬೊಟ್ಟು ಮಾಡಿದರೆ? ಹೇಳಿದರೆ, ಇದ್ದೊಂದು ಕೊನೆಯ ಚಾನ್ಸನ್ನು ನಾನೇ ಕಿತ್ತುಕೊಂಡಂತೆ. ಹೀಗೂ ಹಾಗೂ ತಿರುಗಿಸಿ ನೋಡುತ್ತಲೇ ಅರಸೀಕೆರೆ ಬಂತು.

ಶನಿವಾರ ಬೆಳಗಿನ ರೈಲಿಗೆ ಅವಳು ಬಂದಳು. ತನ್ನ ತಾಯಿ ಮಾಡಿದ ಹೋಳಿಗೆ ತಿಂದು, ವರಾಂಡಕ್ಕೆ ಬಂದು, “ಅತ್ತೆ, ಪೇಪರ್ಸ್ ಕೊಡಿ” ಎಂದಳು. ಕೊಟ್ಟೆ. ಮೂರನೇ ಪುಟದಲ್ಲಿ ಕೆಂಪು ಬಣ್ಣ ಇಲ್ಲದ್ದು ನೋಡಿ ಖುಷಿಯಾದಳು.

“ಒಂದೂ ತಪ್ಪಿಲ್ವಾ?”

“ಇದೆ” ಎಂದು ಆ ಸಾಲು ತೋರಿಸಿದೆ. ನಿಂತುಕೊಂಡೇ ಎಲ್ಲ ಹೇಳಿದೆ. ಕೂತು ಹೇಳುವ ಧೈರ್ಯ ಇರಲಿಲ್ಲ.

ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಪ್ರಶ್ನೆ ಕೇಳಿದಳು, ಡಾಕ್ಟರ್ ಪೇಷೆಂಟನ್ನು ಕೇಳುವ ಹಾಗೆ. ಎಷ್ಟು ಎಣ್ಣೆ? ಬಿಸಿ ಮಾಡಿದ್ರಾ? ಬಟ್ಟೆ ಕಾಟನ್ನಾ? ಒರೆಸಿ ಎಷ್ಟು ಗಂಟೆ ಆಮೇಲೆ ನಾನು ಅಳೆದದ್ದು? ಮೈಯೆಲ್ಲಾ ಹಚ್ಚಿದ್ರಾ?

“ಹೊಟ್ಟೆ ಕೆಳಗೆ ಹಚ್ಚಿಲ್ಲ. ನನ್ನ ಸೊಂಟ ಬಗ್ಗಲ್ಲ.”

ಅವಳು ಲ್ಯಾಪ್‌ಟಾಪ್ ತೆರೆದು ಊಟದ ಮೇಜಿನ ಹತ್ತಿರ ಕೂತಳು. ಹೊಟ್ಟೆಯ ಭಾಗಕ್ಕೆ ಯಾರ ಕೈಯೂ ತಾಗುವುದಿಲ್ಲ. ಅಲ್ಲಿ ಸವೆತ ಇಲ್ಲವೆಂದು ಅವಳ ನಕ್ಷೆಯೂ ಹೇಳುತ್ತಿತ್ತು. ಆದರೆ ಎರಡು ಕಿವಿಗಳ ಹಿಂಭಾಗಕ್ಕೂ ಯಾರೂ ಕೈಯಿಡುವುದಿಲ್ಲ. ಅಲ್ಲಿ ನಾನು ಚೆನ್ನಾಗಿ ಎಣ್ಣೆ ತಿಕ್ಕಿದ್ದೆ. ನಕ್ಷೆಯಲ್ಲಿ ಕಿವಿಯ ಹಿಂದೆಯೂ ಕಲ್ಲು ಬೆನ್ನಿನಷ್ಟೇ ಸವೆದಿತ್ತು. ಅಂದರೆ ಅವಳು ಅಳೆದದ್ದು ಕಲ್ಲಿನ ಸವೆತವನ್ನಲ್ಲ, ನನ್ನ ಎಣ್ಣೆಯನ್ನು.

“ಗಾಳಿ, ಮಳೆ ಇರ್ಬೇಕು ಅಂದ್ಕೊಂಡಿದ್ದೆ” ಎಂದಳು, ಸ್ಕ್ರೀನಿನಿಂದ ಕಣ್ಣು ತೆಗೆಯದೆ. ಆಮೇಲೆ, “ನಾನು ಇದನ್ನ ಕಳಿಸಿದ್ದು ಯಾವತ್ತು ಅತ್ತೆ?”

“ಹೋದ ಭಾನುವಾರ.”

“ಆರು ದಿನ ಇಟ್ಕೊಂಡಿದ್ರಾ?”

ಎಣ್ಣೆಯ ವಿಷಯಕ್ಕೆ ಬಾರದ ಕೋಪ ಅವಳಿಗೆ ಆಗ ಬಂತು. ಎದ್ದು ಹಿತ್ತಲಿಗೆ ಹೋದಳು. ನಾನು ಹಿಂದೆ ಹೋಗಲಿಲ್ಲ. ಸಮಾರಂಭಕ್ಕೆ ಇನ್ನು ನಾಲ್ಕೇ ದಿನ ಉಳಿದಿತ್ತು. ನಾನು ಅಂದೇ ಹೇಳಿದ್ದರೆ ಪ್ರಶಸ್ತಿಯ ಕಮಿಟಿಗೆ ಯೋಚಿಸಲು, ಅವಳಿಗೆ ಮತ್ತೆ ಅಳೆದು ತೋರಿಸಲು ಹತ್ತು ದಿನ ಇರುತ್ತಿತ್ತು.

ಒಳಗೆ ಬಂದು, ತಂದೆ ತಾಯಿಯನ್ನು ಕರೆದು, ಎರಡೇ ಮಾತಿನಲ್ಲಿ ಹೇಳಿದಳು. ತಮ್ಮ, “ಸುಮ್ನಿರಬಾರ್ದೇನಮ್ಮ? ಯಾರಿಗೆ ಗೊತ್ತಾಗತ್ತೆ?” ಎಂದ.

“ನಂಗೆ ಗೊತ್ತಾಯ್ತಲ್ಲಪ್ಪ” ಎಂದಳು. ಅಲ್ಲೇ ಕೂತು ಕಮಿಟಿಗೆ ಬರೆದಳು. ಅದನ್ನು ನನಗೆ ತೋರಿಸಲಿಲ್ಲ.

ಉತ್ತರ ಸೋಮವಾರವೇ ಬಂತು. ಪ್ರಾಮಾಣಿಕತೆಗೆ ಮೆಚ್ಚುಗೆಯ ನಾಲ್ಕು ಸಾಲು. ಆಮೇಲೆ, ಮುಖ್ಯ ಫಲಿತಾಂಶವೇ ನಿಲ್ಲದಿರುವಾಗ ಪ್ರಶಸ್ತಿ ಕೊಡಲಾಗದು, ಸರಿಪಡಿಸಿದ ಕೆಲಸವನ್ನು ಮುಂದೆ ಬೇರೆ ವಿಭಾಗದಲ್ಲಿ ಸಲ್ಲಿಸಬಹುದು ಎಂದು. ಯುವ ವಿಜ್ಞಾನಿಯ ಬಾಗಿಲು ಅವಳಿಗೆ ಮುಚ್ಚಿತು. ಪ್ರಶಸ್ತಿ ಇನ್ನೊಬ್ಬ ಹುಡುಗನಿಗೆ ಹೋಯಿತು. ಅವಳು ಈಗಲೂ ಬೇರೆಯವರ ಮಷೀನಿಗಾಗಿ ಸರದಿ ಕಾಯುತ್ತಾಳೆ. ಕೊಬ್ಬರಿ ಮಂಡಿಯಲ್ಲಿ ಕೇಳಿದವರಿಗೆ ತಮ್ಮ ಏನು ಹೇಳಿದನೋ ನಾನು ಕೇಳಲಿಲ್ಲ. ಅವನ ಹೆಂಡತಿ ಮಾತ್ರ ಒಂದು ದಿನ ಕಾಳು ಹಸನು ಮಾಡುತ್ತಾ, “ಬಂದಿದ್ದಕ್ಕೆ ಮಾಲೇಕಲ್ಲು ಹತ್ತಿದೆ. ಹೋಗಿದ್ದಕ್ಕೆ ಏನು ಮಾಡೋದಕ್ಕಾ, ಹಿಂದುಹಿಂದಕ್ಕೆ ಇಳೀಲಾ?” ಎಂದಳು. ನಗಬೇಕೋ ಬೇಡವೋ ತಿಳಿಯದೆ ನಾನು ಮೊರ ತೆಗೆದುಕೊಂಡು ಕೇರಲು ಶುರುಮಾಡಿದೆ.

ಎರಡು ತಿಂಗಳು ತಮ್ಮನ ಮಗಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಹಬ್ಬಕ್ಕೆ ಫೋನ್ ಮಾಡಿದರೆ “ಚೆನ್ನಾಗಿದೀನಿ ಅತ್ತೆ, ಅಮ್ಮಂಗೆ ಕೊಡಿ” ಎನ್ನುವಳು. ‘ಪರವಾಗಿಲ್ಲ ಅತ್ತೆ’ ಎನ್ನುವ ಒಂದು ಮಾತಿಗೆ ನಾನು ಕಾದೆ. ಈಗಲೂ ಕಾಯುತ್ತಿದ್ದೇನೆ. ನಾನು ಹೇಳಿದ್ದು ಅವಳ ಒಳ್ಳೆಯದಕ್ಕೋ, ನನ್ನ ಎದೆಯ ಭಾರ ಇಳಿಸಿಕೊಳ್ಳುವುದಕ್ಕೋ ಎಂದು ನನಗೇ ಇನ್ನೂ ಗೊತ್ತಿಲ್ಲ.

ಆಮೇಲೆ ಅವಳು ಕೆಲಸವನ್ನು ಮೊದಲಿನಿಂದ ಶುರುಮಾಡಿದಳು. ಹೊಸದಾಗಿ ಅಳೆಯುವ ಮುಂಚಿನ ವಾರ ಒಂದು ಫಾರಂ ಕಳಿಸಿದಳು, ಕನ್ನಡದಲ್ಲೇ. ಬಸವಣ್ಣನನ್ನು ಯಾರು ಯಾರು ಮುಟ್ಟಿದರು ಎಂದು ದಿನವೂ ಗುರುತು ಹಾಕಬೇಕು: ಪೂಜಾರಿ, ಪೂಜಾರಿಯ ಮನೆಯವರು, ಹರಕೆಯವರು, ಕರು, ಬೆಕ್ಕು, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಸಾಲು. ಪೂಜಾರಪ್ಪನಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. “ನೀವೇ ಬಂದು ಬರ್ಕೊಡಿ ಅಮ್ಮ” ಎಂದು ಹೇಳಿ ಕಳಿಸಿದ. ಬಸ್ಸು ಹತ್ತಿ ಹೋದೆ. ಹಗ್ಗದ ಈಚೆ ಜಗಲಿಯ ಮೇಲೆ ಕೂತು ಫಾರಂ ಬಿಚ್ಚಿದೆ. ಬಸವಣ್ಣನ ಮೈ ಬಿಸಿಲಿಗೆ ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ನೋಡಲಾಗುತ್ತಿರಲಿಲ್ಲ.

ಮೊದಲ ಸಾಲು ಓದಿ ‘ಇಲ್ಲ’ ಎಂದು ಬರೆದೆ.

ಪೂಜಾರಪ್ಪ ಭುಜದ ಮೇಲಿಂದ ಬಗ್ಗಿ ನೋಡಿದ. “ಅದ್ಯಾರ್ನ ಕೇಳವ್ರೆ, ಎಲ್ರಿಗಿಂತ ಮೊದ್ಲು?”

“ನನ್ನನ್ನ. ‘ಅತ್ತೆ’ ಅಂತ ಬರೆದಿದ್ದಾಳೆ.”

“ಸರಿಯಾಗೇ ಕೇಳವ್ರೆ ಬಿಡಿ” ಎಂದ.