ಸಹನಾಳ ಎಡಗೈ ಊಟ

ಹಿತಕಿದ ಬೇಳೆ ಸಾರಿಗೆ ನೆನೆದ ಅವರೆಕಾಳಿನ ಸಿಪ್ಪೆ ತೆಗೆಯುತ್ತಿದ್ದೆ. ಮಗಳ ಸ್ಕೂಲಿನಿಂದ ಫೋನ್ ಬಂತು.

"ಸಹನಾ ಡಬ್ಬಿ ಮುಟ್ಟೋದೇ ಇಲ್ಲ ಮೇಡಂ. ಜೂನ್‌ನಿಂದ ಒಂದನೇ ಕ್ಲಾಸು, ಪೂರ್ತಿ ದಿನ. ಹಿಂಗೇ ಆದ್ರೆ ಮಗು ಹಸ್ಕೊಂಡೇ ಕೂತಿರುತ್ತೆ. ಡಾಕ್ಟರಿಗೆ ತೋರಿಸಿ."

ಮನೆಯಲ್ಲಿ ನಾನೇ ತುತ್ತು ಕೊಡುತ್ತಿದ್ದೆ. ಅವಳಿಗೆ ಉಣ್ಣಲು ಬರುವುದೇ ಇಲ್ಲ ಎಂದು ಹೇಗೆ ತಿಳಿಯಬೇಕು?

ಹೆಬ್ಬಾಳದ ಡಾಕ್ಟರು ಮೈಲ್ಡ್ ಸೆರೆಬ್ರಲ್ ಪಾಲ್ಸಿ ಎಂದರು. ಹುಟ್ಟಿದಾಗಿನಿಂದ ಬಲಗೈಯಲ್ಲಿ ಶಕ್ತಿ ಕಡಿಮೆ.

ಬಲಗೈ.

ಎರಡು ವರ್ಷದಿಂದ ಅವಳು ಎಡಗೈ ಚಾಚಿದಾಗಲೆಲ್ಲ ಅದರ ಮೇಲೆ ಹೊಡೆದಿದ್ದೆ. ಪ್ರಸಾದಕ್ಕೂ ಅದೇ ಕೈ ಒಡ್ಡಿದರೆ ಮೈ ಉರಿಯುತ್ತಿತ್ತು. ದೇವರ ಮುಂದೆ ನಡೆದುಕೊಳ್ಳುವುದನ್ನು ಕಲಿಸುತ್ತಿದ್ದೇನೆ ಎಂದುಕೊಂಡು, ಮಗುವಿಗೆ ನೆಟ್ಟಗಿದ್ದ ಒಂದು ಕೈಯನ್ನೂ ನಾನೇ ಕಟ್ಟಿಹಾಕಿದ್ದೆ.

ಆಕ್ಯುಪೇಷನಲ್ ಥೆರಪಿಗೆ ಬರೆದುಕೊಟ್ಟರು. ಆಕ್ಯುಪೇಷನ್ ಅಂದರೆ ಕೆಲಸವಲ್ಲವೇ, ಇಷ್ಟು ಚಿಕ್ಕವಳಿಗೆ ಎಂಥ ಕೆಲಸ ಕಲಿಸುತ್ತಾರೆ ಎಂದು ಕೇಳಿದ್ದಕ್ಕೆ ಯಲಹಂಕದ ಥೆರಪಿಸ್ಟ್ ಫರ್ಹಾನಾ ನಕ್ಕರು.

"ಮಕ್ಕಳ ಕೆಲಸ ಏನ್ರಮ್ಮ? ಉಣ್ಣೋದು, ಉಡೋದು, ಆಡೋದು. ಅದೇ."

ತಟ್ಟೆಯ ಕೆಳಗೆ ಜಾರದ ಮ್ಯಾಟ್. ಎಡಗೈಗೆ ದಪ್ಪ ಹಿಡಿಯ ಚಮಚ. ಬಲಗೈ ತಟ್ಟೆ ಒತ್ತಿ ಹಿಡಿಯಬೇಕು. "ನೀವು ಸುಮ್ನೆ ಕೂತ್ಕೊಳ್ಳಿ" ಎಂದರು ನನಗೆ. ಅದೇ ಕಷ್ಟವಾಯಿತು. ಮನೆಯಲ್ಲೂ ಹಾಗೇ ಮಾಡಿಸಿದೆ. ಒಂದು ಊಟಕ್ಕೆ ಮುಕ್ಕಾಲು ಗಂಟೆ. ನಾಲ್ಕು ಚಮಚ ಬಾಯಿ ಸೇರಿದ ದಿನ ದೇವರಿಗೆ ಕೈಮುಗಿಯುತ್ತಿದ್ದೆ.

"ಎಡಗೈಲಿ ಉಣ್ಣೋದ್ ಕಲ್ಸಕ್ಕೆ ಎರಡು ಬಸ್ ಹತ್ತಿ ಹೋಗ್ತಾಳೆ, ಮಹಾರಾಯ್ತಿ!" ಎಂದರು ಅತ್ತೆ. ಚೆಲ್ಲಿದ ಅನ್ನ ಒರೆಸಿದವರೂ ಅವರೇ.

ಒಂದು ಶನಿವಾರ ಕೊಡಿಗೆಹಳ್ಳಿಯ ಗುಡಿಯಲ್ಲಿ ಸಹನಾ ತೀರ್ಥಕ್ಕೆ ಎಡಗೈ ಒಡ್ಡಿದಳು. ಕೆಳಗೆ ಆಸರೆಯಾಗಿ, ನಡುಗುತ್ತ, ಬಲಗೈ.

"ಬಲಗೈ ಮೇಲಿರ್ಬೇಕು ಪುಟ್ಟಿ" ಎಂದರು ಅರ್ಚಕರು.

ಅವಳು ನನ್ನ ಮುಖ ನೋಡಿದಳು. ಏಟಿಗೆ ಕಾಯುವವಳ ಹಾಗೆ.

"ಅವಳ ಕೈ ಇದೇ ಸ್ವಾಮಿ. ಹಾಕಿ."

ಹಾಕಿದರು.

ಬಲಗೈ ಪೂರ್ತಿ ಸರಿಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಾನೂ ಈಗ ಅದನ್ನೇ ಬೇಡುತ್ತ ಕೂತಿಲ್ಲ. ನಿನ್ನೆ ಒಂದನೇ ಕ್ಲಾಸಿನ ಮೊದಲ ಪೂರ್ತಿ ದಿನ. ಗಡಿಯಾರ ನೋಡುತ್ತಲೇ ಇದ್ದೆ. ಸಹನಾ ಬಂದವಳೇ ಡಬ್ಬಿ ಮುಂದೆ ಹಿಡಿದಳು. ತಳದಲ್ಲಿ ಎರಡು ತುತ್ತು ಉಳಿದಿತ್ತು.

"ನಾನೇ ಉಂಡೆ ಅಮ್ಮ. ಯಾರೂ ತಿನ್ಸಿಲ್ಲ."

ಬಿಳಿ ಅಂಗಿಯ ಕಾಲರಿನಿಂದ ಹೊಟ್ಟೆಯವರೆಗೂ ಸಾರಿನ ಅರಿಶಿನ ಕಲೆ. ದೇವರೇ, ನನಗಿಷ್ಟು ಸಾಕು ಎಂದೆ.

ಅಂಗಿ ಮರುದಿನಕ್ಕೂ ಬೇಕಿತ್ತು. ಬಕೆಟ್ಟಿಗೆ ನೀರು ಬಿಟ್ಟು, ಸೋಪು ಉಜ್ಜಲು ಕುಳಿತೆ.